ಮಸ್ಕಿಯ ಒಂದು ಮಣಿ

ಅಧ್ಯಾಪಕವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಮಾಡಿದ ಮೊದಲನೆಯ ಕಾರ್ಯವೆಂದರೆ ಮಂಚದ ಕೆಳಗನ್ನು ಗುಡಿಸಿದುದು. ಇದನ್ನು ನಾವಾಗಿಯೇ ಕೈಕೊಂಡೆವೆಂದು ವಾಚಕರು ತಿಳಿಯಬಾರದು. ಮೂವತ್ತೈದು ವರ್ಷಗಳ ಕಾಲ ಶಾಲೆಯ ನೆಪವನ್ನು ಮುಂದೆಮಾಡಿ ನಾವು ತಪ್ಪಿಸಿಕೊಂಡು ಬಂದ ಮನೆಗೆಲಸಗಳ ಪಟ್ಟಿಯೊಂದನ್ನು ನಮ್ಮ ಗೃಹಿಣಿಯವರು ಮನಸ್ಸಿನಲ್ಲಿಯೇ ಬರೆದಿಟ್ಟುಕೊಂಡಿದ್ದರು. ನಿವೃತ್ತಿಯ ಹಾರವಿನ್ನೂ ಬಾಡುವುದರೊಳಗಾಗಿ ಆ ಪಟ್ಟಿಯು ಹೊರಕ್ಕೆ ಬಂದಿತು. ಹಳೆಯ ಪರೀಕ್ಷಾಪತ್ರಿಕೆಗಳು, ಹಿಡಿ ಮುರಿದ ಕೊಡೆ, ಇಲಿ ಕಡಿದ ಅಮರಕೋಶದ ಒಂದು ಪ್ರತಿ, ಇವೆಲ್ಲ ಹೊರಬಿದ್ದ ಮೇಲೆ ಗೋಡೆಯ ಮೂಲೆಯಿಂದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಬಂದಿತು. ಎತ್ತಿದರೆ ಭಾರ, ಅಲುಗಿಸಿದರೆ ಸದ್ದು. "ಇದರಲ್ಲಿ ಏನಿದೆ?" ಎಂದು ಅವರು ಕೇಳಿದರು. ನಮಗೆ ಗೊತ್ತಿದ್ದರೂ "ಏನೋ ಮಕ್ಕಳ ಸಾಮಾನು" ಎಂದುಬಿಟ್ಟೆವು.

ಆ ಮಾತು ಪೂರ್ತಿಯಾಗಿ ಸುಳ್ಳೂ ಅಲ್ಲ. ಡಬ್ಬಿಯಲ್ಲಿ ಇದ್ದುದು ನಮ್ಮ ವಿದ್ಯಾರ್ಥಿಗಳು ಆರಿಸಿ ತಂದಿದ್ದ ವಸ್ತುಗಳೇ. ನೋಟುಬುಕ್ಕಿನ ಹಾಳೆಗಳಲ್ಲಿ ಸುತ್ತಿದ್ದವುಗಳನ್ನೆಲ್ಲ ಬಿಚ್ಚಿ ಎಣಿಸಲಾಗಿ ೪೩ ಆದವು. ಬಹುಪಾಲು ಮಡಕೆಯ ಓಡುಗಳು. ಕೆಲವು ಒಳಗೆ ಕಾಡಿಗೆಯಂತೆ ಕಪ್ಪು, ಹೊರಗೆ ಕಾವಿಯಂತೆ ಕೆಂಪು. ಶಂಖದ ಬಳೆಯ ತುಂಡುಗಳು ನಾಲ್ಕು. ಒರೆದು ನುಣುಪುಮಾಡಿದ ಕಲ್ಲಿನ ಕೊಡಲಿಯ ಅರ್ಧಭಾಗ ಒಂದು. ಕೊನೆಯದಾಗಿ, ಔಷಧದ ಒಂದು ಚಿಕ್ಕ ಸೀಸೆಯಲ್ಲಿ ಹತ್ತಿಯ ನಡುವೆ ಕೆಂಪು ಅಕೀಕದ ಕಲ್ಲಿನ ಒಂದು ಮಣಿ. ಬೆಳಕಿಗೆ ಹಿಡಿದಾಗ ಅದು ದಾಳಿಂಬೆಯ ಬೀಜದ ಹಾಗೆ ಹೊಳೆಯಿತು. ಗೃಹಿಣಿಯವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿ, "ಇಷ್ಟು ಸಣ್ಣ ತೂತನ್ನು ಹೇಗೆ ಕೊರೆದರೋ!" ಎಂದರು.

ಇವೆಲ್ಲ ಮಸ್ಕಿಯವು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ನಡುವೆ ಸಿಕ್ಕುವ ಈ ಊರು ಬಹುಕಾಲ ಲಿಂಗಸುಗೂರು ತಾಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲೂಕಾಗಿರುವುದು. ಊರಿನ ಒತ್ತಿನಲ್ಲಿಯೇ ದುರ್ಗದ ಗುಡ್ಡವೆಂಬ ಬಂಡೆಗಲ್ಲಿನ ಗುಡ್ಡ. ಅಲ್ಲಿಯ ಒಂದು ದೊಡ್ಡ ಬಂಡೆಯ ಮೇಲೆ ಎಂಟು ಸಾಲುಗಳ ಬ್ರಾಹ್ಮೀಲಿಪಿಯ ಶಾಸನವಿರುವುದನ್ನು ವಾಚಕರು ಬಾಲ್ಯದಲ್ಲಿ ಪಠ್ಯಪುಸ್ತಕದಲ್ಲಿ ಓದಿಯೇ ಇರುವರು. ಆ ಬಂಡೆಯು ಬೆಳಕಿಗೆ ಬಂದ ಕಥೆಯು ಸ್ವಾರಸ್ಯವಾದುದು. ೧೯೧೫ರಲ್ಲಿ, ಈ ಪ್ರಾಂತವು ನಿಜಾಮರ ಆಳ್ವಿಕೆಯಲ್ಲಿದ್ದಾಗ, ಬೀಡನ್ ಎಂಬ ಗಣಿಯ ಇಂಜಿನಿಯರನು ಚಿನ್ನವನ್ನು ಹುಡುಕುತ್ತ ಇಲ್ಲಿಗೆ ಬಂದನು. ಈ ಸೀಮೆಯಲ್ಲಿ ಚಿನ್ನವನ್ನು ಹುಡುಕುವುದು ಹುಚ್ಚೇನೂ ಅಲ್ಲ. ಲಿಂಗಸುಗೂರಿನ ಹತ್ತಿರದ ಹಟ್ಟಿಯಲ್ಲಿ ಪ್ರಾಚೀನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆಯುತ್ತ ಆರುನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು, ಇಂದಿಗೂ ಅಲ್ಲಿ ಗಣಿಯು ನಡೆದಿದೆ. ಆದರೆ ಬೀಡನನಿಗೆ ಮಸ್ಕಿಯಲ್ಲಿ ಸಿಕ್ಕಿದುದು ಅಕ್ಷರ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಆ ಅಕ್ಷರಗಳನ್ನು ಓದಿ, ಹೈದರಾಬಾದು ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟಿಸಿದರು.

ಅದರಲ್ಲಿ ಅಂತಹ ವಿಶೇಷವೇನಿತ್ತು? ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀಲಿಪಿಯ ಗುಟ್ಟನ್ನು ಒಡೆದನಷ್ಟೆ. ಉತ್ತರದೇಶದ ಸ್ತಂಭಗಳ ಮೇಲೂ ಬಂಡೆಗಳ ಮೇಲೂ ಇದ್ದ ಧರ್ಮಾಜ್ಞೆಗಳೆಲ್ಲ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ದೊರೆಯವೆಂದು ಆಗ ತಿಳಿಯಿತು. ಆ ದೊರೆಯು ಯಾರು? ಸಿಂಹಳದ ಬೌದ್ಧಗ್ರಂಥಗಳ ಆಧಾರದಿಂದ ಅವನು ಅಶೋಕನೇ ಎಂದು ಟರ್ನರ್ ಎಂಬವನು ತೋರಿಸಿದನು, ಎಲ್ಲರೂ ಒಪ್ಪಿದರು. ಗಿರಿನಾರದಲ್ಲಿ ರುದ್ರದಾಮನ ಸಂಸ್ಕೃತಶಾಸನವು ಅಶೋಕಮೌರ್ಯನ ಹೆಸರನ್ನು ಹೇಳುವುದು ನಿಜ, ಆದರೆ ಅದು ನಾಲ್ಕು ಶತಮಾನಗಳ ಅನಂತರದ ಮಾತು. ಅಶೋಕನು ತಾನೇ ಬರೆಸಿದ ಶಾಸನಗಳಲ್ಲಿ ಆವರೆಗೆ ಸಿಕ್ಕಿದ್ದ ಒಂದರಲ್ಲಿಯೂ ಆ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯು 'ದೇವಾನಂಪಿಯಸ ಅಸೋಕಸ' ಎಂದು ಎರಡು ಪದಗಳನ್ನು ಒತ್ತಿನಲ್ಲಿಯೇ ಇಟ್ಟು ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿತು. ಅನಂತರ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲಿಯೂ ಆ ಹೆಸರು ದೊರಕಿದೆ. ಆದರೂ ಮೊದಲನೆಯದೆಂಬ ಗೌರವವು ಮಸ್ಕಿಗೇ ಸಲ್ಲತಕ್ಕದ್ದು.

ಇಲ್ಲಿ ನಾವು ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವರಿಗೆ 'ದೇವಾನಾಂಪ್ರಿಯ' ಎಂಬ ಪದವು ಬೇರೊಂದು ವಿಧದಲ್ಲಿ ಪರಿಚಯ. ಸಮಾಸದಲ್ಲಿ ವಿಭಕ್ತಿಪ್ರತ್ಯಯವು ಲೋಪವಾಗುವುದು ಸಾಮಾನ್ಯ ನಿಯಮ. ಬೈಗುಳದ ಅರ್ಥ ತೋರುವಾಗ ಷಷ್ಠಿಯು ಲೋಪವಾಗದೆ ನಿಲ್ಲುವುದೆಂದು ಪಾಣಿನಿಯು ಹೇಳಿರುವನು. ಆ ಪ್ರಕರಣದಲ್ಲಿ ಈ ಪದವು ಬರುತ್ತದೆ. ಭಟ್ಟೋಜಿದೀಕ್ಷಿತರ ಸಿದ್ಧಾಂತಕೌಮುದಿಯನ್ನು ಓದಿದವರು ಇದಕ್ಕೆ ಮೂರ್ಖನೆಂದೇ ಅರ್ಥಮಾಡುವರು. ಪತಂಜಲಿಯ ಕಾಲದಲ್ಲಿ ಇದೇ ಪದವು ಆಯುಷ್ಮಂತ, ದೀರ್ಘಾಯು ಎಂಬ ಗೌರವದ ಮಾತುಗಳ ಪಂಕ್ತಿಯಲ್ಲಿಯೇ ಇತ್ತು. ಕಾಲಕ್ರಮದಲ್ಲಿ ಚಕ್ರವರ್ತಿಯ ಬಿರುದು ಬೈಗುಳವಾಗಿ ಇಳಿದುದು ಹೇಗೆಂಬುದನ್ನು ಕುರಿತು ಪಂಡಿತರು ಬೇಕಾದಷ್ಟು ಚರ್ಚಿಸಿರುವರು. ನಮ್ಮ ಗುರುಗಳು ಮಂದಬುದ್ಧಿಯ ಶಿಷ್ಯರನ್ನು ಹೀಗೆ ಕರೆಯುತ್ತಿದ್ದರು. ನಾವೂ ಅಧ್ಯಾಪಕರಾದ ಮೇಲೆ ಹಾಗೆಯೇ ಕರೆಯತೊಡಗಿದೆವು. ಕೆಟ್ಟ ಮಾತಿನಂತೆ ಕೇಳಿಸದು, ಹುಡುಗರ ತಂದೆತಾಯಿಗಳು ಕೋಪಿಸಿಕೊಳ್ಳರು, ನಮ್ಮ ಪಾಂಡಿತ್ಯವೂ ಮೆರೆಯುವುದು, ಇಷ್ಟೆಲ್ಲ ಅನುಕೂಲಗಳಿದ್ದುವು!

ನಮ್ಮ ಒಂಬತ್ತನೆಯ ತರಗತಿಯಲ್ಲಿ ಸಿಂಧನೂರಿನ ಹತ್ತಿರದ ಒಂದು ಹಳ್ಳಿಯ ಹುಡುಗನೊಬ್ಬನಿದ್ದನು. ಒಕ್ಕಲುತನದ ಮನೆ, ಬೆಳಿಗ್ಗೆ ಎಮ್ಮೆಯ ಹಾಲು ಹಿಂಡಿ, ಮೂರು ಮೈಲಿ ನಡೆದು ಬಂದು, ಎರಡನೆಯ ಗಂಟೆಯ ಹೊತ್ತಿಗೆ ತೂಕಡಿಸುವನು. ಏಳು ವಿಭಕ್ತಿಗಳನ್ನು ಕ್ರಮವಾಗಿ ಹೇಳೆಂದರೆ ತೃತೀಯೆಯ ಹತ್ತಿರ ನಿಂತುಬಿಡುವನು. ಅವನಿಗೆ ನಾವು ದೇವಾನಾಂಪ್ರಿಯನೆಂಬ ಹೆಸರನ್ನು ಖಾಯಂ ಮಾಡಿಟ್ಟೆವು. ತರಗತಿಯು ನಗುವುದು, ಅವನೂ ನಗುವನು. ಅವನು ನಗುತ್ತಿದ್ದುದರಿಂದ ಅವನಿಗೆ ನೋವಿಲ್ಲವೆಂದು ನಾವು ತಿಳಿದುಕೊಂಡಿದ್ದೆವು.

೧೯೯೩ರ ಡಿಸೆಂಬರಿನಲ್ಲಿ ಆ ತರಗತಿಯನ್ನು ಮಸ್ಕಿಗೆ ಕರೆದುಕೊಂಡು ಹೋದೆವು. ಬಸ್ಸಿನಿಂದ ಇಳಿದು, ಬುತ್ತಿಯ ಗಂಟುಗಳನ್ನು ಹೊತ್ತು, ಬಂಡೆಯ ಮುಂದೆ ಹುಡುಗರನ್ನು ನಿಲ್ಲಿಸಿ, ಮೊದಲನೆಯ ಸಾಲಿನ ಅಕ್ಷರಗಳನ್ನು ಬೆರಳಿನಿಂದ ತೋರಿಸುತ್ತ, ಗಂಭೀರಧ್ವನಿಯಿಂದ 'ದೇ-ವಾ-ನಂ-ಪಿ-ಯ-ಸ' ಎಂದು ಓದಿದೆವು. ಹಿಂದಿನಿಂದ ಒಂದು ಧ್ವನಿ ಬಂದಿತು: "ಗುರುಗಳೇ, ನನ್ನ ಹೆಸರೇ ಐತಲ್ರೀ ಇಲ್ಲಿ!"

ಯಾರೂ ನಗಲಿಲ್ಲ. ಅವನು ಹಾಸ್ಯಕ್ಕಾಗಿ ಹೇಳಿದುದಲ್ಲ. ನಿಜವಾಗಿಯೂ ಅವನಿಗೆ ಆಶ್ಚರ್ಯವೂ ಸಂತೋಷವೂ ಆಗಿದ್ದವು. ನಮಗೋ, ಆ ಚಳಿಗಾಲದಲ್ಲಿಯೂ ಬೆವರು ಬಂದಿತು. ಅಶೋಕನ ಬಿರುದು ನಮಗೆ ಗೊತ್ತಿತ್ತು, ಕೌಮುದಿಯ ಅರ್ಥವೂ ಗೊತ್ತಿತ್ತು. ಆದರೆ ಚರಿತ್ರೆಯನ್ನು ಒಂದು ಕೋಣೆಯಲ್ಲಿ, ವ್ಯಾಕರಣವನ್ನು ಮತ್ತೊಂದು ಕೋಣೆಯಲ್ಲಿ ಇಟ್ಟುಕೊಂಡು, ನಡುವಣ ಬಾಗಿಲನ್ನು ಒಂದು ದಿನವೂ ತೆರೆದಿರಲಿಲ್ಲ. ಮೇಲಾಗಿ ಆ ಶಾಸನದ ಮುಂದಿನ ಸಾಲುಗಳ ತಾತ್ಪರ್ಯವನ್ನು ಹೇಳುವ ಸಂಕಟವೂ ನಮ್ಮ ಪಾಲಿಗೇ ಬಂದಿತು. ಧರ್ಮದಲ್ಲಿ ನಿರತನಾದರೆ ಕ್ಷುದ್ರನಾದವನೂ ಈ ಫಲವನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರವೇ ಇದು ಸಾಧ್ಯವೆಂದು ಭಾವಿಸತಕ್ಕದ್ದಲ್ಲ, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದಾಗಿ ಅಲ್ಲಿ ಕೊರೆದಿದೆ. ನಾವು ತಾತ್ಪರ್ಯವನ್ನು ಹೇಳಿದೆವು. ಹುಡುಗನ ಮುಖವನ್ನು ಮಾತ್ರ ನೋಡಲಿಲ್ಲ. ಆ ದಿನದಿಂದ ಯಾರನ್ನೂ ಆ ಹೆಸರಿನಿಂದ ಕರೆಯಲಿಲ್ಲವೆಂಬುದು ನಿಜ. ತಪ್ಪಾಯಿತೆಂದು ಅವನಿಗೆ ಹೇಳಲಿಲ್ಲವೆಂಬುದೂ ಅಷ್ಟೇ ನಿಜ.

ಹೇಳುವುದಕ್ಕೆ ಬದಲಾಗಿ ಏನು ಮಾಡಿದೆವೆಂದರೆ, ಗುಡ್ಡದ ಬುಡದ ಹೊಲಗಳಲ್ಲಿ ಹುಡುಗರನ್ನು ಬಿಟ್ಟು, ಎಲ್ಲಕ್ಕಿಂತ ಹಳೆಯ ವಸ್ತುವನ್ನು ಆರಿಸಿ ತಂದವನಿಗೆ ಒಂದು ಪೆನ್ನು ಬಹುಮಾನವೆಂದು ಸಾರಿದೆವು. ಮನಸ್ಸಿನೊಳಗೆ ಆ ಹುಡುಗನೇ ಗೆಲ್ಲಲೆಂಬ ಆಸೆಯೂ ಇತ್ತು. ಮಸ್ಕಿಯ ನೆಲವು ಎಂತಹುದೆಂಬುದನ್ನು ಕಂಡವರೇ ಬಲ್ಲರು. ಮಳೆ ಬಿದ್ದು ಹೋದ ಮೇಲೆ ಉತ್ತ ಸಾಲುಗಳಲ್ಲಿ ಓಡುಗಳು ಜೋಳದ ಕೂಳೆಯ ಹಾಗೆ ಎದ್ದು ನಿಲ್ಲುವುವು. ಹುಡುಗರು ಅರ್ಧ ಗಂಟೆಯಲ್ಲಿ ಜೇಬುಗಳನ್ನು ತುಂಬಿಕೊಂಡು ಬಂದರು. ಅವನು ಮಾತ್ರ ಬರಲಿಲ್ಲ. ಕೂಗಿ ಕೂಗಿ ಕರೆದ ಮೇಲೆ, ಮೈಯೆಲ್ಲ ಮಣ್ಣಾಗಿ, ಎಡಗೈಯಿಂದ ರಕ್ತ ಸುರಿಸುತ್ತ ಬಂದು, ಮುಷ್ಟಿಯನ್ನು ತೆರೆದನು. ಈ ಮಣಿ.

ಕೊರಕಲಿನ ದಡದಲ್ಲಿ ಒಂದು ಮಡಕೆಯ ಬಾಯಿ ಕಾಣುತ್ತಿತ್ತಂತೆ, ಕಡ್ಡಿಯಿಂದ ಕೆದಕಿದನಂತೆ, ಮಡಕೆಯು ಒಡೆದುಹೋಯಿತಂತೆ, ಒಳಗೆ ಮಣ್ಣಿನಲ್ಲಿ "ಎಲುವಿನಂಥಾವು" ಕೆಲವಿದ್ದುವಂತೆ. ನಾವು ಅವನ ಬೆನ್ನು ತಟ್ಟಿ ಪೆನ್ನನ್ನು ಕೊಟ್ಟೆವು.

ಸುಮಾರು ಎಂಟು ವರ್ಷಗಳಾದ ಮೇಲೆ ರಾಯಚೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ, ಬೇರೆ ಏನನ್ನೋ ಹುಡುಕುತ್ತಿದ್ದಾಗ, ಪುರಾತತ್ತ್ವ ಇಲಾಖೆಯವರ 'ಏನ್ಷಿಯಂಟ್ ಇಂಡಿಯಾ' ಎಂಬ ಪತ್ರಿಕೆಯ ೧೩ನೆಯ ಸಂಚಿಕೆಯು ಕೈಗೆ ಬಂದಿತು. ೧೯೫೪ರಲ್ಲಿ ಬಿ. ಕೆ. ಥಾಪರ್ ಎಂಬವರು ಮಸ್ಕಿಯಲ್ಲಿ ನಡೆಸಿದ ಉತ್ಖನನದ ವರದಿ ಅದರಲ್ಲಿತ್ತು. ಅವರು ನೆಲವನ್ನು ಪದರ ಪದರವಾಗಿ ಬಿಡಿಸಿ ನಾಲ್ಕು ಕಾಲಗಳನ್ನು ಗುರುತಿಸಿದ್ದರು: ತಳದಲ್ಲಿ ಕಲ್ಲಿನ ಆಯುಧಗಳ ಜೊತೆಗೆ ಅಲ್ಪಸ್ವಲ್ಪ ತಾಮ್ರವನ್ನು ಬಳಸಿದವರು, ಅವರ ಮೇಲೆ ಕಬ್ಬಿಣವನ್ನು ಬಲ್ಲವರು, ಬೃಹತ್ ಶಿಲಾಸಮಾಧಿಗಳ ಕಾಲದವರು, ಅದರ ಮೇಲೆ ಚಾರಿತ್ರಿಕ ಯುಗದ ಆದಿಭಾಗ, ಎಲ್ಲಕ್ಕೂ ಮೇಲೆ ಮಧ್ಯಯುಗ. ಒಳಗೆ ಕಪ್ಪು ಹೊರಗೆ ಕೆಂಪಾದ ಪಾತ್ರೆಗಳು ಎರಡನೆಯ ಕಾಲದವರ ಗುರುತು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿಯಾಡದ ಒಳಭಾಗವು ಕಪ್ಪಾಗಿಯೂ ಗಾಳಿ ತಗಲಿದ ಹೊರಭಾಗವು ಕೆಂಪಾಗಿಯೂ ಆಗುವುದೆಂದು ಹೇಳುವರು. ಅವರು ಸತ್ತವರನ್ನು ಮಣ್ಣುಮಾಡುವಾಗ ಜೊತೆಗೆ ಪಾತ್ರೆಗಳನ್ನೂ ಆಭರಣಗಳನ್ನೂ ಇಡುತ್ತಿದ್ದರು.

ಆ ಪುಟಗಳನ್ನು ಓದುತ್ತಿರುವಾಗ ನಮಗೆ ಕೊರಕಲಿನ ದಡದ ಆ ಮಡಕೆಯೂ "ಎಲುವಿನಂಥಾವು" ಎಂಬ ಮಾತೂ ನೆನಪಾದುವು. ನಾವು ಪೆನ್ನು ಕೊಟ್ಟು ಕೊಂಡುಕೊಂಡುದು ಯಾರೋ ಒಬ್ಬರ ಗೋರಿಯಲ್ಲಿದ್ದ ಮಣಿ. ಎರಡನೆಯ ಸಂಗತಿಯು ಇದಕ್ಕಿಂತಲೂ ಹೆಚ್ಚಾಗಿ ಚುಚ್ಚಿತು. ಥಾಪರರ ಪಟ್ಟಿಯಲ್ಲಿ ಪ್ರತಿಯೊಂದು ಮಣಿಗೂ ಇಂತಹ ಗುಣಿ, ಇಂತಹ ಪದರ ಎಂಬ ಗುರುತು ಇತ್ತು. ಅದರಿಂದಲೇ ಒಂದು ಮಣಿಯು ಎಷ್ಟು ಹಳೆಯದು, ಯಾರದು, ಯಾವುದರ ಜೊತೆಗಿತ್ತೆಂದು ಹೇಳುವುದು ಸಾಧ್ಯ. ನಮ್ಮ ಡಬ್ಬಿಯ ವಸ್ತುಗಳು ವಿಭಕ್ತಿಯನ್ನು ಕಳೆದುಕೊಂಡ ಪ್ರಾತಿಪದಿಕಗಳು. ಅರ್ಥವಿರುವುದು; ವಾಕ್ಯದಲ್ಲಿ ಎಲ್ಲಿಯೂ ನಿಲ್ಲವು. ಹುಡುಗನೊಬ್ಬನು ತೃತೀಯೆಯಲ್ಲಿ ನಿಂತನೆಂದು ಹಾಸ್ಯಮಾಡಿದವರು ನಾವು! ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆ, ೧೯೭೨ರ ಪುರಾತನ ವಸ್ತುಗಳ ಕಾಯಿದೆ, ಇವೆಲ್ಲ ಇರುವುದು ಆಗಲೇ ತಿಳಿಯಿತು. ಡಬ್ಬಿಯನ್ನು ಶಾಲೆಯ ಕಪಾಟಿನಿಂದ ಮನೆಗೆ ತಂದು ಮಂಚದ ಕೆಳಗೆ, ಗೋಡೆಯ ಕಡೆಗೆ, ಕೈಗೆ ಎಟುಕದಷ್ಟು ದೂರಕ್ಕೆ ತಳ್ಳಿದೆವು.

ಈ ವೃತ್ತಾಂತವನ್ನೆಲ್ಲ ಗೃಹಿಣಿಯವರ ಮುಂದೆ ಹೇಳಬೇಕಾಗಿ ಬಂದಾಗ ಅವರು ಮಣಿಯನ್ನು ಥಟ್ಟನೆ ಸೀಸೆಯೊಳಗೆ ಹಾಕಿ, ಕೈ ತೊಳೆದುಕೊಂಡು ಬಂದು, "ಇಪ್ಪತ್ತು ಇಪ್ಪತ್ತೈದು ವರ್ಷ ಸತ್ತವರ ಸಾಮಾನಿನ ಮೇಲೆ ಮಲಗಿಸಿದಿರಲ್ಲ!" ಎಂದರು. ಸೂತಕದ ಭಯವೇ, ನಮ್ಮ ಗುಟ್ಟಿನ ಮೇಲಣ ಕೋಪವೇ, ನಾವು ವಿಚಾರಿಸಲಿಲ್ಲ.

ಅಂದು ರಾತ್ರಿ ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ದೂರವಾಣಿಯಲ್ಲಿ ಮಾತನಾಡುವಾಗ ತಾಯಿಯು ಈ ವಿಷಯವನ್ನೇ ಹೇಳಿದರು. ಮಗಳು ನಕ್ಕು, ತಾನು ಕಂಡುಬಂದ ಮೇಸಾ ವರ್ಡೆ ಎಂಬ ಸ್ಥಳದ ಸಂಗತಿಯನ್ನು ತಿಳಿಸಿದಳು. ಅಲ್ಲಿ ಕಡಿದಾದ ಬಂಡೆಯ ಗೋಡೆಗಳ ಪೊಟರೆಗಳಲ್ಲಿ ಪ್ಯೂಬ್ಲೊ ಜನರ ಪೂರ್ವಿಕರು ಕಲ್ಲಿನಿಂದ ಕಟ್ಟಿದ ಮನೆಗಳಿವೆ. ಒಂದು ಪೊಟರೆಯಲ್ಲಿಯೇ ಸುಮಾರು ೧೫೦ ಕೋಣೆಗಳು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಅನಾವೃಷ್ಟಿಯೇ ಮೊದಲಾದ ಕಾರಣಗಳಿಂದ ಅವರು ಆ ಮನೆಗಳನ್ನು ಬಿಟ್ಟು ದಕ್ಷಿಣಕ್ಕೆ ಹೋದರು. ೧೮೯೧ರಲ್ಲಿ ಸ್ವೀಡನ್ ದೇಶದ ಗುಸ್ತಾಫ್ ನೋರ್ಡೆನ್‌ಷೋಲ್ಡ್ ಎಂಬ ಇಪ್ಪತ್ತಮೂರರ ತರುಣನು ಬಂದು ಅಗೆದನು. ಅಳೆದು, ಚಿತ್ರ ತೆಗೆದು, ಒಳ್ಳೆಯ ಪುಸ್ತಕವನ್ನೇ ಬರೆದನು. ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹೊರಟಾಗ ಅವನನ್ನು ಹಿಡಿದರು. ಆದರೆ ಹಾಗೆ ಒಯ್ಯಬಾರದೆಂಬ ಕಾಯಿದೆಯೇ ಆಗ ಇಲ್ಲದುದರಿಂದ ಬಿಟ್ಟುಬಿಟ್ಟರು. ಕಾಯಿದೆಯು ಬಂದುದು ೧೯೦೬ರಲ್ಲಿ; ಆ ಸ್ಥಳವು ರಕ್ಷಿತ ಉದ್ಯಾನವಾದುದೂ ಅದೇ ವರ್ಷ. ಅವನು ಒಯ್ದುದು ಕೊನೆಗೆ ಫಿನ್ಲೆಂಡಿನ ವಸ್ತುಸಂಗ್ರಹಾಲಯವನ್ನು ಸೇರಿತು. ೨೦೨೦ರಲ್ಲಿ ಅದರೊಳಗಿನ ಸುಮಾರು ಇಪ್ಪತ್ತು ಮಂದಿಯ ಅಸ್ಥಿಗಳನ್ನೂ, ಅವರೊಡನೆ ಹೂತಿದ್ದ ವಸ್ತುಗಳನ್ನೂ, ಹೋಪಿ, ಝೂನಿ ಮೊದಲಾದ ಇಂದಿನ ಪ್ಯೂಬ್ಲೊ ಜನರಿಗೆ ಹಿಂದಿರುಗಿಸಿದರು; ಅವರು ಅವನ್ನು ಮೇಸಾ ವರ್ಡೆಯಲ್ಲಿಯೇ ಮತ್ತೆ ಮಣ್ಣುಮಾಡಿದರು. "ಅಲ್ಲಿ ಒಂದು ಓಡನ್ನೂ ಮುಟ್ಟಿ ಜೇಬಿಗೆ ಹಾಕುವ ಹಾಗಿಲ್ಲ, ಅಪ್ಪ," ಎಂದಳು ಮಗಳು.

ಪ್ಯೂಬ್ಲೊ ಜನರಿಗೆ ನಮ್ಮವರೆಂದು ಹೇಳಿಕೊಳ್ಳುವ ಸಂತತಿ ಇದೆ. ಮಸ್ಕಿಯ ಆ ಎಲುಬುಗಳಿಗೆ ಯಾರಿದ್ದಾರೆ? ಗಂಗಾವತಿಯ ಕಡೆಯ ಹಿರೇಬೆಣಕಲ್ಲಿನಲ್ಲಿ ಇದೇ ಕಾಲದವರ ನೂರಾರು ಕಲ್ಲಿನ ಸಮಾಧಿಗಳಿವೆ. ಊರವರು ಅದನ್ನು ಮೋರ್ಯರ ಗುಡ್ಡವೆನ್ನುವರು. ಮೋರ್ಯರೆಂಬವರು ಗಿಡ್ಡ ಜನರಂತೆ, ಬೆಂಕಿಯ ಮಳೆಗೆ ಸತ್ತರಂತೆ ಎಂದು ಹಳ್ಳಿಗಳಲ್ಲಿ ಕಥೆ ಹೇಳುವುದುಂಟು. ಯಾರೋ ಬೇರೆಯವರು, ನಾವಲ್ಲ. ಆದರೆ ಅವರು ಬೆಳೆದ ಹುರುಳಿಯನ್ನೇ ನಾವು ಇಂದಿಗೂ ಬೇಯಿಸುತ್ತಿರುವೆವು. ಅವರು ಅರೆದಂತೆಯೇ ನಮ್ಮ ಅಜ್ಜಿಯರೂ ಕಲ್ಲಿನ ಮೇಲೆ ಅರೆದರು. ಮನೆಯವರಲ್ಲವೆಂದು ಹೇಳುವುದು ಹೇಗೆ?

ಒಂದು ವಾರದೊಳಗಾಗಿ ಡಬ್ಬಿಯನ್ನು ಸಂಬಂಧಪಟ್ಟ ಕಚೇರಿಗೆ ತೆಗೆದುಕೊಂಡು ಹೋದೆವು. ಶಿಕ್ಷೆಯಾಗುವುದೋ ಎಂಬ ಅಳುಕಿತ್ತು. ಅಲ್ಲಿ ಇದ್ದವಳು ನಮ್ಮ ಮಗಳ ವಯಸ್ಸಿನ ಒಬ್ಬ ಅಧಿಕಾರಿಣಿ. ಕುಳಿತುಕೊಳ್ಳಲು ಹೇಳಿ, ಚಹ ತರಿಸಿ, ದೊಡ್ಡ ವಹಿಯನ್ನು ತೆರೆದಳು. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, "ಇದು ಎಲ್ಲಿ ಸಿಕ್ಕಿತು, ಸರ್?" ಎಂದು ಕೇಳುವಳು. "ಮಸ್ಕಿ," ಎನ್ನುವೆವು. "ಮಸ್ಕಿಯಲ್ಲಿ ಎಲ್ಲಿ? ಗುಡ್ಡದ ಮೇಲೋ, ಬುಡದಲ್ಲೋ, ಹಳ್ಳದ ಕಡೆಗೋ? ಎಷ್ಟು ಆಳದಲ್ಲಿ?" ತಿಳಿಯದು. ಎರಡನೆಯ ಓಡು, ತಿಳಿಯದು. ಮೂವತ್ತೈದು ವರ್ಷ ಪ್ರಶ್ನೆ ಕೇಳಿದ ನಾವು ನಲವತ್ತಮೂರು ಬಾರಿ ಉತ್ತರ ತಿಳಿಯದ ವಿದ್ಯಾರ್ಥಿಯಾಗಿ ಆ ಕುರ್ಚಿಯಲ್ಲಿ ಕುಳಿತೆವು. ಅವಳು ಒಂದು ಸಲವೂ ಬೇಸರಪಡಲಿಲ್ಲ, ಅಡ್ಡಹೆಸರನ್ನೂ ಇಡಲಿಲ್ಲ. ಮಣಿಯನ್ನು ಮಸೂರದ ಕೆಳಗೆ ಇಟ್ಟು ನೋಡಿ, "ಇದರ ಜಾಗವೊಂದಾದರೂ ಗೊತ್ತಾಗಿದ್ದರೆ!" ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡು, ರಸೀದಿ ಬರೆದು ಕೊಟ್ಟಳು.

ಆ ಮಾತು ನಮ್ಮನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ ಒಬ್ಬರಿಂದ ಒಬ್ಬರಿಗೆ ದೂರವಾಣಿಯ ಸಂಖ್ಯೆಯನ್ನು ಸಂಪಾದಿಸಿ, ಆ ಹುಡುಗನನ್ನು ಕರೆದೆವು. ಹುಡುಗನೆಂದೆವು; ನಲವತ್ತಾರು ವರ್ಷದ ಸಂಸಾರಿ. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವನು, ಟ್ರ್ಯಾಕ್ಟರ್ ಇಟ್ಟುಕೊಂಡಿರುವನು. ನಾವು ಹೆಸರು ಹೇಳಿದ ಕೂಡಲೇ ಆ ಕಡೆಯಿಂದ, "ನಾನ್ರೀ ಗುರುಗಳೇ, ದೇವಾನಾಂಪ್ರಿಯ!" ಎಂದನು. ಧ್ವನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಮರುದಿನವೇ ಮೋಟಾರು ಸೈಕಲ್ಲಿನಲ್ಲಿ ಬಂದು ನಮ್ಮನ್ನು ಹಿಂದೆ ಕೂಡಿಸಿಕೊಂಡು ಮಸ್ಕಿಗೆ ಕರೆದುಕೊಂಡು ಹೋದನು. ಬಂಡೆಗೆ ಈಗ ರಕ್ಷಣೆಯ ಏರ್ಪಾಡು ಇದೆ, ಇಲಾಖೆಯ ಫಲಕವಿದೆ. ಕಾಯಿದೆಯ ಪ್ರಕಾರ ರಕ್ಷಿತ ಸ್ಮಾರಕದ ಎಲ್ಲೆಯಿಂದ ನೂರು ಮೀಟರಿನವರೆಗೆ ಹೊಸ ಕಟ್ಟಡ ಕೂಡದು. ಅದರಾಚೆ ಇನ್ನೂರು ಮೀಟರಿನವರೆಗೆ ಅಪ್ಪಣೆ ಬೇಕು. ಎಂಟು ಸಾಲಿನ ಅಕ್ಷರಕ್ಕೆ ಇಷ್ಟು ಕಾವಲು ಇರುವುದು ಉಚಿತವೇ ಸರಿ. ಅಕ್ಷರವನ್ನು ಅರಿಯದವರು, ಅಶೋಕನಿಗಿಂತ ಸಾವಿರಾರು ವರ್ಷ ಮುಂಚಿನಿಂದ, ಬಾಳಿ ಸತ್ತ ನೆಲವು ಅಷ್ಟಕ್ಕೇ ನಿಲ್ಲುವುದಿಲ್ಲವಲ್ಲ. ಹೊಲಗಳ ಕೆಳಗೆ ದೂರದವರೆಗೂ ಹಬ್ಬಿದೆ.

ಬಂಡೆಯ ಮುಂದೆ ನಿಂತು, ಮೂವತ್ತು ವರ್ಷಗಳಿಂದ ಆಡಬೇಕೆಂದಿದ್ದ ಮಾತನ್ನು ಆಡಿದೆವು. ಆ ಪದದ ಎರಡು ಅರ್ಥಗಳನ್ನೂ, ನಾವು ಯಾವ ಅರ್ಥದಿಂದ ಅವನನ್ನು ಕರೆದೆವೆಂಬುದನ್ನೂ ಹೇಳಿದೆವು. ಅವನು ತಲೆ ಕೆರೆದುಕೊಂಡು, "ಅದು ಗೊತ್ತಿತ್ರಿ. ಕಲ್ಲಿನ್ಯಾಗ ನೋಡಿದ ಮ್ಯಾಲ ಬ್ಯಾಸರ ಹೋತು. ಅದೆಲ್ಲಾ ಬಿಡ್ರಿ, ಬರ್ರಿ ಇಲ್ಲಿ, ಜಾಗ ತೋರಸ್ತೀನಿ" ಎಂದು ಸರಸರನೆ ಇಳಿದು ನಡೆದನು.

ಅವನು ಎಲ್ಲಿಯೂ ತಡೆಯಲಿಲ್ಲ. ಕುಳಿತ ಕರುವಿನ ಹಾಗಿರುವ ಒಂದು ಗುಂಡಿನ ಹತ್ತಿರ ನಿಂತು, ಅಲ್ಲಿಂದ ಹಳ್ಳದ ಕಡೆಗೆ ಇಪ್ಪತ್ತೆರಡು ಹೆಜ್ಜೆ ಎಣಿಸಿ, "ಇಲ್ಲಿ ಕೊರಕಲು ಇತ್ತು. ಬಡಗಣ ದಂಡಿ. ಮ್ಯಾಲಿಂದ ಕರಿಮಣ್ಣು ಒಂದು ಮೊಳ, ಕೆಳಗ ಬೂದಿ ಬಣ್ಣದ್ದು ಒಂದು ಗೇಣು, ಅದರ ಕೆಳಗ ಗಡಿಗಿ ಬಾಯಿ. ಈ ಜಾಲಿಗಿಡ ಆಗ ಸಣ್ಣದಿತ್ತು, ಇದರ ಮುಳ್ಳೇ ನಟ್ಟಿದ್ದು" ಎಂದು ಎಡಗೈಯ ಹಳೆಯ ಕಲೆಯನ್ನು ತೋರಿಸಿದನು. ನೆಲವನ್ನೇ ಓದಿ ಬೆಳೆದವನು. ಪದರಗಳನ್ನು ಕ್ರಮವಾಗಿ, ಪಾಠ ಒಪ್ಪಿಸಿದಂತೆ ಹೇಳಿದನು. ಕೊರಕಲು ಈಗ ಇಲ್ಲ. ಯಂತ್ರದಿಂದ ಸಮಮಾಡಿ ಹತ್ತಿ ಹಾಕಿರುವರು. ಗಿಡಗಳ ಮಧ್ಯೆ ಕಪ್ಪು ಕೆಂಪು ಓಡುಗಳು ಸಣ್ಣ ಸಣ್ಣ ಚೂರುಗಳಾಗಿ ಬಿದ್ದಿದ್ದುವು. ನಾವು ಒಂದನ್ನೂ ಎತ್ತಲಿಲ್ಲ. ಅವನು ಹೇಳಿದಂತೆ ನಕ್ಷೆಯೊಂದನ್ನು ಬರೆದುಕೊಂಡೆವು.

ಹಿಂದಿರುಗುವ ದಾರಿಯಲ್ಲಿ ಚಹದ ಅಂಗಡಿಯ ಮುಂದೆ ಗಾಡಿಯನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುಗಳೇ, ಅವತ್ತು ಮಣಿ ಎರಡಿದ್ವು" ಎಂದನು. ಒಂದನ್ನು ನಮಗೆ ಕೊಟ್ಟು ಮತ್ತೊಂದನ್ನು ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡನಂತೆ. ಅದನ್ನು ತಾಯಿಗೆ ಕೊಟ್ಟನಂತೆ. ಆಕೆ ಅದನ್ನು ತಾಳಿಯ ದಾರದಲ್ಲಿ ಗುಂಡುಗಳ ಜೊತೆಗೆ ಪೋಣಿಸಿಕೊಂಡು, ಮಗ ತಂದ ಮಣಿಯೆಂದು ಕಂಡಕಂಡವರಿಗೆ ತೋರಿಸುತ್ತಿದ್ದಳಂತೆ. ಆರು ವರ್ಷಗಳ ಹಿಂದೆ, ಗಂಡನಿಗಿಂತ ಮುಂಚೆ ಮುತ್ತೈದೆಯಾಗಿಯೇ ತೀರಿಕೊಂಡಳು. ಅವರಲ್ಲಿ ಸತ್ತವರನ್ನು ಹೂಳುವ ಪದ್ಧತಿ. ಬಂಗಾರವನ್ನು ತೆಗೆದುಕೊಂಡರು, ಮಣಿಯನ್ನು ಮಾತ್ರ ಅವನೇ, "ಅದು ಆಕಿದು" ಎಂದು ಹೇಳಿ, ಆಕೆಯ ಜೊತೆಗೆ ಬಿಡಿಸಿದನು.

ಮನೆಗೆ ಬಂದು ದೀಪ ಹಚ್ಚಿದ ಮೇಲೆ ಅಧಿಕಾರಿಣಿಗೆ ಪತ್ರವನ್ನು ಬರೆಯಲು ಕುಳಿತೆವು. ನಲವತ್ತೆರಡು ವಸ್ತುಗಳ ಸ್ಥಳವು ತಿಳಿಯದು. ಮಣಿಯು ಇಂತಹ ಕಡೆ, ಇಂತಹ ಪದರದ ಕೆಳಗೆ, ಮಡಕೆಯೊಳಗೆ ಅಸ್ಥಿಗಳ ಜೊತೆಗೆ ಇತ್ತು ಎಂದು ಬರೆದು ನಕ್ಷೆಯನ್ನು ಸೇರಿಸಿದೆವು. ಎರಡನೆಯ ಮಣಿಯ ಹತ್ತಿರ ಲೇಖನಿಯು ನಿಂತಿತು. ಗೃಹಿಣಿಯವರು ಒಳಗಿನಿಂದ ಬಂದು, ವಿಷಯವನ್ನೆಲ್ಲ ಕೇಳಿ, ಬಾಗಿಲಿಗೆ ಒರಗಿ ನಿಂತು, "ಆ ತಾಯಿಯ ಹೆಸರೇನು?" ಎಂದರು.

ನಾವು ಕೇಳಿರಲಿಲ್ಲ. ಎರಡು ಹೊತ್ತು ಅವನ ಜೊತೆಗಿದ್ದು, ಮಣ್ಣಿನ ಬಣ್ಣವನ್ನೂ ಹೆಜ್ಜೆಯ ಲೆಕ್ಕವನ್ನೂ ಬರೆದುಕೊಂಡವರು ಅದೊಂದನ್ನು ಕೇಳಿರಲಿಲ್ಲ. ಬೆಳಗಾದ ಮೇಲೆ ದೂರವಾಣಿಯಲ್ಲಿ ಕೇಳಿ ತಿಳಿದುಕೊಂಡು, ಪತ್ರವನ್ನು ಮುಗಿಸಿ, ಅಂಚೆಗೆ ಹಾಕಿ ಬಂದೆವು.